ಸೈಕಲ್ ಹ್ಯಾಂಡಲ್‌ಗೆ ನಾರಿನ ದಾರ ಸುತ್ತಬೇಕು: ಯಾವ ದಾರ, ಕೊನೆ ಹೇಗೆ ಮುಚ್ಚುವುದು?

ವಿದ್ಯಾನಗರದವಳು, ದಾವಣಗೆರೆ

ನನ್ನದು ರಾಡ್ ಬ್ರೇಕಿನ ಹಳೇ ಲೇಡೀಸ್ ಸೈಕಲ್. ಗಾಡಿ ಗಟ್ಟಿಯಾಗಿದೆ, ಗ್ರಿಪ್ ಮಾತ್ರ ಅಂಟಂಟು. ಬೇಸಿಗೆಯಲ್ಲಿ ಮಂಡಿಪೇಟೆಗೆ ಹೋಗಿ ಇಳಿಯುವಷ್ಟರಲ್ಲಿ ಎರಡೂ ಅಂಗೈ ಕಪ್ಪು. ಆ ಕಪ್ಪು ಬಟ್ಟೆಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಹೊಸ ಗ್ರಿಪ್ ಹಾಕಿಸಿದರೂ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಕಥೆ.

ಗ್ರಿಪ್ ಕಿತ್ತುಹಾಕಿ ಕೈಯಿಂದಲೇ ನಾರಿನ ದಾರ ಸುತ್ತಬೇಕು ಅಂತ ಆಸೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಎಲ್ಲರೂ ವಿದೇಶದ ದಾರ, ವಿದೇಶದ ಪಾಲಿಶ್ ಹೇಳುತ್ತಾರೆ. ಹಗ್ಗದ ಅಂಗಡಿಗಳ ಊರಿನಲ್ಲಿ ಕೂತು ದಾರವನ್ನು ಕೊರಿಯರ್‌ನಲ್ಲಿ ತರಿಸುವುದು ನಾಚಿಕೆಯ ವಿಷಯ ಅಲ್ವಾ? ಇಲ್ಲೇ ಸಿಗುವ ಯಾವ ದಾರ ಆದೀತು? ಕೊನೆಯಲ್ಲಿ ಗಂಟು ಕಾಣದ ಹಾಗೆ ಮುಚ್ಚುವುದು ಹೇಗೆ? ಮೇಲೆ ಏನಾದರೂ ಹಚ್ಚಬೇಕಾ?

ಹಳೇಪೇಟೆ ಪಂಕ್ಚರ್ ಶಾಪ್, ದಾವಣಗೆರೆ

ತಂಗಿ, ಹೊಸ ಗ್ರಿಪ್ ಹಾಕಿಸಿಕೊಳ್ಳಮ್ಮ. ಐದು ನಿಮಿಷದ ಕೆಲಸ. ದಾರ ಸುತ್ತಿದರೆ ಬೆವರು ಕುಡಿದು, ಧೂಳು ಹಿಡಿದು, ಎಣ್ಣೆ ಜಿಡ್ಡಿನ ಬತ್ತಿ ಆಗುತ್ತದೆ. ಹಾಲಿನವರು, ಸೊಪ್ಪಿನವರು ಸುತಳಿ ಸುತ್ತಿಕೊಂಡು ಬಂದಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಮಳೆಗೆ ಸಡಿಲ, ಎರಡನೇ ಮಳೆಗೆ ನಾಯಿ ಬಾಲ.

ಹರಿಹರದ ಹುಡುಗ

ಪ್ಲಾಸ್ಟಿಕ್ ವೈರ್ ಹೆಣಿಸಿ ಅಕ್ಕಾ! ಬುಟ್ಟಿ ಹೆಣೆಯುವ ವೈರ್, ಹಳದಿ ಕೆಂಪು ಡಿಸೈನು. ಕೊನೆಗೆ ಎರಡು ಕುಚ್ಚು. ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಬಾಡಿಗೆ ಸೈಕಲ್ ಅಂಗಡಿಯವರು ಎಲ್ಲಾ ಸೈಕಲ್ಲಿಗೂ ಅದನ್ನೇ ಮಾಡಿಸಿದ್ದರು.

ವಿದ್ಯಾನಗರದವಳು

ಕುಚ್ಚು ಬೇಡ ತಮ್ಮಾ. ಪ್ಲಾಸ್ಟಿಕ್ ಬೆವರು ಹೀರುವುದಿಲ್ಲ, ಕೈ ಜಾರುತ್ತದೆ. ಅದಕ್ಕೇ ನಾರು ಕೇಳುತ್ತಿರುವುದು.

ಜೋಗಿಮಟ್ಟಿ ಏರು, ಚಿತ್ರದುರ್ಗ

ಪಂಕ್ಚರ್ ಶಾಪ್ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬರೀ ದಾರ ಸುತ್ತಿ ಬಿಟ್ಟವರ ಕಥೆ. ದಾರದ ಕೆಲಸದಲ್ಲಿ ಮೂರು ವಿಷಯ ಸರಿ ಇದ್ದರೆ ಸಾಕು. ದಾರ ಒಣಗಿದ್ದಾಗಲೇ ಬಿಗಿಯಾಗಿ ಸುತ್ತಬೇಕು. ಕೊನೆಯನ್ನು ಗಂಟು ಹಾಕದೆ ಸುತ್ತುಗಳ ಅಡಿಗೇ ಎಳೆದು ಹೂಳಬೇಕು. ಮೇಲೆ ಅರಗು ಕುಡಿಸಬೇಕು. ಇವು ಸರಿ ಇದ್ದರೆ ಯಾವ ದಾರ ಎನ್ನುವುದು ಆಮೇಲಿನ ಮಾತು.

ಇದು ಹೊಸ ಶೋಕಿಯೂ ಅಲ್ಲ. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್‌ಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ ಮೇಲೆ ಅರಗು ಹಚ್ಚುವುದು ಯುರೋಪಿನಲ್ಲಿ ಹಳೇ ಪದ್ಧತಿ. ಪಟ್ಟಿಯ ಕೊನೆ ಬಿಚ್ಚಿಕೊಳ್ಳದಂತೆ ಟೇಪಿನ ಬದಲು ದಾರ ಸುತ್ತುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಶುರುವಾದ ರಿವೆಂಡೆಲ್ ಬೈಸಿಕಲ್ ವರ್ಕ್ಸ್‌ನವರು ಹತ್ತಿ ಪಟ್ಟಿ, ನಾರಿನ ದಾರ, ಅರಗು ಈ ಮೂರನ್ನೂ ಮತ್ತೆ ಚಾಲ್ತಿಗೆ ತಂದವರಲ್ಲಿ ಮುಖ್ಯರು. ಅವರು ಹೊಗಳುವ ಅರಗು ಹೆಚ್ಚಾಗಿ ಹೋಗುವುದೇ ನಮ್ಮ ದೇಶದಿಂದ.

ಈಗ ಲೆಕ್ಕ. ನಿಮ್ಮ ತರದ ಸೈಕಲ್ಲಿನ ಹ್ಯಾಂಡಲ್ ಪೈಪು ಹಿಡಿಯುವ ಜಾಗದಲ್ಲಿ ಸುಮಾರು 22 ಮಿ.ಮೀ. ದಪ್ಪ. 2 ಮಿ.ಮೀ. ದಾರ ಸುತ್ತಿದರೆ ಒಂದು ಸುತ್ತಿಗೆ ಏಳೂವರೆ ಸೆಂ.ಮೀ. ದಾರ ಬೇಕು. ಗ್ರಿಪ್ ಜಾಗ 12 ಸೆಂ.ಮೀ. ಇದ್ದರೆ 60 ಸುತ್ತು. ಅಂದರೆ ನಾಲ್ಕೂವರೆ ಮೀಟರ್. ಎಳೆಯಲು, ಹೂಳಲು ಸೇರಿಸಿ ಒಂದು ಬದಿಗೆ 5 ಮೀಟರ್ ಕತ್ತರಿಸಿಕೊಳ್ಳಿ. ಜಿಪುಣತನ ಬೇಡ. ಅರ್ಧದಲ್ಲಿ ಮುಗಿದರೆ ಗಂಟು ಹಾಕಿ ಮುಂದುವರಿಸುವ ಹಾಗಿಲ್ಲ, ಆ ಗಂಟು ಸರಿಯಾಗಿ ಅಂಗೈ ನಡುವೆಯೇ ಬಂದು ಕೂರುತ್ತದೆ.

ಹಳೇಪೇಟೆ ಪಂಕ್ಚರ್ ಶಾಪ್

ದುರ್ಗದವರು ಲೆಕ್ಕದಲ್ಲಿ ಗಟ್ಟಿ. ಸರಿ, ಸುತ್ತುವುದೇ ಆದರೆ ಒಂದು ವಿಷಯ ಕೇಳಿ. ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಲಿವರ್ ಗ್ರಿಪ್ಪಿನ ಕೆಳಗೇ ಉದ್ದಕ್ಕೆ ಬರುತ್ತದೆ. ದಪ್ಪ ಹಗ್ಗ ಸುತ್ತಿದರೆ ಲಿವರ್ ಪೂರ್ತಿ ಮೇಲೆ ಬರುವುದಿಲ್ಲ, ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ. ಹಳೇ ಗ್ರಿಪ್ಪಿಗಿಂತ ದಪ್ಪ ಆಗಬಾರದು. ಸುತ್ತಿದ ಮೇಲೆ ಸ್ಟ್ಯಾಂಡ್ ಹಾಕಿ, ಚಕ್ರ ತಿರುಗಿಸಿ, ಎರಡೂ ಬ್ರೇಕ್ ಒತ್ತಿ ನೋಡದೆ ರಸ್ತೆಗೆ ಇಳಿಸಬೇಡಿ.

ಹಳೇ ಗ್ರಿಪ್ ಎಳೆದು ಕೈ ನೋಯಿಸಿಕೊಳ್ಳಬೇಡಿ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿ. ಒಳಗೆ ತುಕ್ಕು ಇದ್ದೇ ಇರುತ್ತದೆ. ಎಮರಿ ಪೇಪರಿನಲ್ಲಿ ತಿಕ್ಕಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಜಿಡ್ಡು ಒಂಚೂರೂ ಉಳಿಯಬಾರದು.

ಭದ್ರಾ ನಾಲೆ, ಮಲೇಬೆನ್ನೂರು

ದಾರ ನೆನೆಸಿ ಸುತ್ತಿ ಅಂತ ಯಾರಾದರೂ ಹೇಳುವ ಮೊದಲೇ ಬರೆಯುತ್ತೇನೆ. ಒಣಗಿದ ಮೇಲೆ ಬಿಗಿಯುತ್ತದೆ ಅನ್ನುವುದು ಹಸಿ ತೊಗಲಿನ ಗುಣ, ನಾರಿನದಲ್ಲ. ನಾರು ಇದಕ್ಕೆ ಉಲ್ಟಾ. ನೀರು ಕುಡಿದರೆ ನಾರು ಉಬ್ಬಿ, ಹುರಿ ಬಿಗಿದು, ಹಗ್ಗ ಉದ್ದದಲ್ಲಿ ಗಿಡ್ಡವಾಗುತ್ತದೆ. ಒಣಗಿದಾಗ ಮತ್ತೆ ಸಡಿಲ. ದನ ಕಟ್ಟಿದ ಕಣ್ಣಿ ಮಳೆಯಲ್ಲಿ ನೆಂದರೆ ಗಂಟು ಬಿಚ್ಚಲು ಹಲ್ಲು ಹಚ್ಚಬೇಕು, ಬಿಸಿಲು ಬಿದ್ದ ಮೇಲೆ ಎರಡು ಬೆರಳಿಗೆ ಬಿಚ್ಚುತ್ತದೆ. ಪಂಕ್ಚರ್ ಶಾಪ್ ಅಣ್ಣ ಹೇಳಿದ "ಒಂದು ಮಳೆಗೆ ಸಡಿಲ" ಅನ್ನುವುದಕ್ಕೆ ಇದೇ ಕಾರಣ. ನೆಂದು ಬಿಗಿಯಿತು, ಹಿಗ್ಗಿತು, ಒಣಗಿ ಸಡಿಲವಾಯಿತು.

ಹಾಗಾಗಿ ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ಒಣಗಿಸಿದ ದಾರ ಸುತ್ತಿ, ನೀರು ಹೋಗದಂತೆ ಮೇಲೆ ಏನಾದರೂ ಹಚ್ಚಿ.

ಮಂಡಿ ಗುಮಾಸ್ತ, ದಾವಣಗೆರೆ

ಯಾವ ದಾರ ಅಂತ ಕೇಳಿದಿರಿ. ದಿನಾ ಚೀಲದ ನಡುವೆ ಬದುಕುವವನು ನಾನು, ನನ್ನ ಅಭಿಪ್ರಾಯ ಹೀಗಿದೆ.

ಚೀಲ ಹೊಲಿಯುವ ಸುತಳಿ ಎಲ್ಲಕ್ಕಿಂತ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಸೆಣಬಿನ ಬಣ್ಣ ಚೆನ್ನ. ಆದರೆ ಜುಂಗು ಜಾಸ್ತಿ, ನೆಂದಾಗ ಬಲ ಕಡಿಮೆ, ಬೆವರಿಗೆ ಬೇಗ ಕೊಳೆಯುತ್ತದೆ. ಕತ್ತಾಳೆ ನಾರಿನದು ಗಟ್ಟಿ ಆಸಾಮಿ, ಆದರೆ ಅಂಗೈ ಚುಚ್ಚುತ್ತದೆ. ಕತ್ತಾಳೆ ಹಗ್ಗ ಹಿಡಿದು ಚೀಲ ಇಳಿಸಿದವರ ಕೈ ನೋಡಿ. ತೆಂಗಿನ ನಾರಿನ ಹುರಿ ನೀರಿಗೆ ಹೆದರುವುದಿಲ್ಲ, ಹೊಸದುರ್ಗದ ಕಡೆಯಿಂದ ಬೇಕಾದಷ್ಟು ಬರುತ್ತದೆ. ಹ್ಯಾಂಡಲ್‌ಗೆ ಮಾತ್ರ ಬೇಡವೇ ಬೇಡ. ಅದು ಪಾತ್ರೆ ತಿಕ್ಕುವ ಸಾಮಾನು.

ನನ್ನ ಓಟು ಹತ್ತಿಯ ಹುರಿದಾರಕ್ಕೆ. ಮೂರೆಳೆಯದು, ಬಿಗಿಯಾಗಿ ಹುರಿ ಇರುವುದು, ಒಂದೂವರೆಯಿಂದ ಎರಡು ಮಿ.ಮೀ. ಹತ್ತಿ ನೆಂದಾಗ ಬಲ ಕಳೆದುಕೊಳ್ಳುವುದಿಲ್ಲ, ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಕೈಗೂ ಮೆತ್ತಗೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನಲ್ಲಿ ಹತ್ತಿ ದಾರ ಬಿಟ್ಟು ಬೇರೆ ಸುತ್ತಿದರೆ ಮಿಲ್ಲಿನಲ್ಲಿ ದುಡಿದ ಹಿರಿಯರು ಬೈಯುತ್ತಾರೆ. ಮಿಲ್ಲುಗಳು ಮುಚ್ಚಿದವು, ಆ ಮಾತು ಬೇರೆ.

ಭದ್ರಾ ನಾಲೆ

ಅಪ್ಸೆಣಬು ಬಿಟ್ಟುಬಿಟ್ಟಿರಿ ಗುಮಾಸ್ತರೇ. ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆ ಅಂತ ಚೆಲ್ಲುತ್ತೇವಲ್ಲ, ಹಳದಿ ಹೂವಿನದು, ಅದೇ. ನಾವು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿಬಿಡುತ್ತೇವೆ. ಬೆಳೆಯಲು ಬಿಟ್ಟು, ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದರೆ ಒಳ್ಳೇ ನಾರು. ಸುತಳಿಗಿಂತ ಎಷ್ಟೋ ಗಟ್ಟಿ. ಹಿಂದೆ ಮೂಗುದಾರ, ಕಣ್ಣಿ ಎಲ್ಲಾ ಇದರದ್ದೇ, ಇಲ್ಲವೇ ಪುಂಡಿ ನಾರಿನದು. ಈಗ ಎಲ್ಲಾ ನೈಲಾನ್. ಸಂತೆಯಲ್ಲಿ ಹಗ್ಗ ಹೊಸೆಯುವವರ ಹತ್ತಿರ ಕೇಳಿ ನೋಡಿ, ತೆಳ್ಳಗೆ ಹೊಸೆದು ಕೊಟ್ಟರೂ ಕೊಡುತ್ತಾರೆ. ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ನುಲಿಯ ಚಂದಯ್ಯನ ನಾಡಿದು, ಆ ಕಸುಬಿನವರಿಗೂ ಒಂದು ವ್ಯಾಪಾರ ಆಗಲಿ.

ವಿದ್ಯಾನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಹತ್ತಿ ಹುರಿದಾರ ಸಿಕ್ಕಿತು, ಎರಡು ಮಿ.ಮೀ. ಇದೆ. ಅಪ್ಸೆಣಬಿನದಕ್ಕೂ ಹೇಳಿಟ್ಟಿದ್ದೇನೆ. ಈಗ ಕೊನೆ ಹೂಳುವುದನ್ನು ಬಿಡಿಸಿ ಹೇಳಿ. ವಿಡಿಯೊದಲ್ಲಿ ಕೈ ಅಡ್ಡ ಬಂದು ಮುಖ್ಯ ಜಾಗವೇ ಕಾಣುವುದಿಲ್ಲ.

ಜೋಗಿಮಟ್ಟಿ ಏರು

ಹ್ಯಾಂಡಲ್ ಬಿಚ್ಚುವುದು ಬೇಡ, ಸೈಕಲ್ ಮೇಲೇ ಮಾಡಬಹುದು. ಮುಂದಿನ ಚಕ್ರ ಅಲ್ಲಾಡದಂತೆ ಗೋಡೆಗೆ ಒತ್ತಿ ನಿಲ್ಲಿಸಿ.

ಶುರು ಮಾಡುವುದು ಬ್ರೇಕ್ ಲಿವರ್ ಕಡೆಯಿಂದ, ಅಂದರೆ ಒಳಗಿನಿಂದ ಹೊರಗೆ. ದಾರದ ತುದಿಯ ನಾಲ್ಕೈದು ಸೆಂ.ಮೀ. ಪೈಪಿನ ಮೇಲೆ ಉದ್ದಕ್ಕೆ ಮಲಗಿಸಿ, ಹೊರಗಡೆಗೆ ಮುಖ ಮಾಡಿ. ಅದರ ಮೇಲೇ ಸುತ್ತುತ್ತಾ ಬನ್ನಿ. ಮೊದಲ ಆರೇಳು ಸುತ್ತಿಗೇ ಆ ತುದಿ ಅಡಿಯಲ್ಲಿ ಸಿಕ್ಕಿ ಬಿಗಿಯುತ್ತದೆ. ಗಂಟಿನ ಕೆಲಸವೇ ಇಲ್ಲ.

ದಾರವನ್ನು ಬರಿಗೈಯಲ್ಲಿ ಎಳೆಯಬೇಡಿ, ಬೆರಳು ಕುಯ್ಯುತ್ತದೆ. ಒಂದು ಗಿಡ್ಡ ಕೋಲಿಗೆ ಸುತ್ತಿಕೊಂಡು ಆ ಕೋಲು ಹಿಡಿದು ಎಳೆಯಿರಿ. ಪ್ರತಿ ಸುತ್ತೂ ಹಿಂದಿನದಕ್ಕೆ ತಾಗಿಕೊಂಡೇ ಕೂರಬೇಕು. ಹತ್ತು ಸುತ್ತಿಗೊಮ್ಮೆ ಹೆಬ್ಬೆರಳಿನ ಉಗುರಿನಿಂದ ಹಿಂದಕ್ಕೆ ತಳ್ಳಿ, ಸಂದು ಮುಚ್ಚಿ. ಸುತ್ತುವಾಗ ದಾರದ ಹುರಿ ಬಿಚ್ಚಿಕೊಳ್ಳುತ್ತಿದೆಯಾ ನೋಡುತ್ತಿರಿ. ಬಿಚ್ಚಿಕೊಂಡರೆ ಎಳೆ ಚಪ್ಪಟೆಯಾಗಿ ಮೈ ಒರಟಾಗುತ್ತದೆ. ಕೋಲನ್ನು ಬೆರಳಲ್ಲೇ ಒಂದು ಸುತ್ತು ತಿರುಗಿಸಿ ಹುರಿ ಮತ್ತೆ ಏರಿಸಿ, ಮುಂದುವರಿಯಿರಿ.

ಕೊನೆಗೆ ಒಂದು ಒಂದೂವರೆ ಸೆಂ.ಮೀ. ಜಾಗ ಉಳಿದಾಗ ನಿಲ್ಲಿಸಿ. ಈಗ ಬೇರೆ ಒಂದು ತೆಳ್ಳನೆಯ ಗಟ್ಟಿ ದಾರ ಬೇಕು. ನೈಲಾನ್ ಆದರೂ ಪರವಾಗಿಲ್ಲ, ಅದು ಒಳಗೆ ಉಳಿಯುವುದಿಲ್ಲ. ಅದನ್ನು ಎರಡು ಮಡಿಕೆ ಮಾಡಿ. ಮಡಿಕೆಯ ಕಣ್ಣು ಹೊರತುದಿಯ ಕಡೆ, ಎರಡು ಬಾಲ ಒಳಗಡೆ ಬರುವಂತೆ ಪೈಪಿನ ಮೇಲೆ ಮಲಗಿಸಿ. ಅದರ ಮೇಲೆ ಉಳಿದ ಏಳೆಂಟು ಸುತ್ತು ಹಾಕಿ. ಹೊರತುದಿಗೆ ಬಂದಾಗ ಮುಖ್ಯ ದಾರವನ್ನು ನಾಲ್ಕು ಬೆರಳಿನಷ್ಟು ಉಳಿಸಿ ಕತ್ತರಿಸಿ, ಬಿಡದೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ತುದಿಯನ್ನು ಆ ಕಣ್ಣಿನೊಳಗೆ ತೂರಿಸಿ. ಈಗ ಎರಡು ಬಾಲ ಹಿಡಿದು ಒಳಗಡೆಗೆ ಎಳೆಯಿರಿ. ಕಣ್ಣು ಸುತ್ತುಗಳ ಅಡಿಗೆ ಹೋಗುತ್ತಾ ದಾರದ ತುದಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಏಳೆಂಟು ಸುತ್ತು ದಾಟಿ ಈಚೆ ಬರುತ್ತದೆ. ಹೊರಗೆ ಬಂದ ಚೂರನ್ನು ಬ್ಲೇಡಿನಲ್ಲಿ ಮಟ್ಟಸ ಕತ್ತರಿಸಿ. ಮುಗಿಯಿತು. ಹುಡುಕಿದರೂ ಕೊನೆ ಎಲ್ಲಿದೆ ಅಂತ ಗೊತ್ತಾಗಬಾರದು.

ಎಳೆಯುವಾಗ ಬರದೆ ಹಟ ಮಾಡಿದರೆ ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಏಳೆಂಟು ಸುತ್ತಿಗಿಂತ ಜಾಸ್ತಿ ಇದ್ದರೆ ಬರುವುದೇ ಕಷ್ಟ.

ಮಂಡಿ ಗುಮಾಸ್ತ

ಇಕ್ಕಳ ಯಾಕೆ, ದಬ್ಬಣ ಇಲ್ಲವಾ? ಚೀಲ ಹೊಲಿಯುವ ದಬ್ಬಣದ ಕಣ್ಣಿಗೆ ದಾರ ಪೋಣಿಸಿ ಸುತ್ತುಗಳ ಅಡಿಗೆ ನುಗ್ಗಿಸಿದರೆ ಆಯಿತು.

ಜೋಗಿಮಟ್ಟಿ ಏರು

ಬಿಗಿಯಾಗಿ ಸುತ್ತಿದ್ದರೆ ದಬ್ಬಣ ನುಗ್ಗುವುದಿಲ್ಲ ಗುಮಾಸ್ತರೇ. ನುಗ್ಗಿತು ಅಂದರೆ ಸಡಿಲ ಸುತ್ತಿದ್ದೀರಿ ಅಂತ ಅರ್ಥ.

ಮಂಡಿ ಗುಮಾಸ್ತ

ದಬ್ಬಣವನ್ನು ಮೊದಲೇ ಪೈಪಿನ ಮೇಲೆ ಮಲಗಿಸಿ ಅದರ ಮೇಲೇ ಸುತ್ತಿ ಸ್ವಾಮಿ. ಕೊನೆಗೆ ಕಣ್ಣಿಗೆ ದಾರ ಪೋಣಿಸಿ ದಬ್ಬಣ ಎಳೆದರೆ ನಿಮ್ಮ ನೈಲಾನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ಜೋಗಿಮಟ್ಟಿ ಏರು

ಇದು ಒಪ್ಪುವ ಮಾತು. ದಬ್ಬಣ ನಮ್ಮ ಜಿಲ್ಲೆಯದೇ ಇರಬೇಕು. 1997ರವರೆಗೆ ನೀವೂ ನಮ್ಮವರೇ ತಾನೇ.

ಹರಿಹರದ ಹುಡುಗ

ಶುರುವಾಯಿತು. ಜಿಲ್ಲೆ ಬೇರೆಯಾಗಿ ಇಷ್ಟು ವರ್ಷವಾದರೂ ಇವರ ಜಗಳ ಮುಗಿಯಲಿಲ್ಲ. ಒಂದೊಂದು ಬೆಣ್ಣೆದೋಸೆ ತಿಂದು ರಾಜಿ ಮಾಡಿಕೊಳ್ಳಿ.

ನೈಟ್ ಡ್ಯೂಟಿ ಸಿಸ್ಟರ್, ದಾವಣಗೆರೆ

ನಡುವೆ ಒಂದು ಮಾತು. ರಬ್ಬರ್ ಗ್ರಿಪ್ ತೆಗೆದರೆ ಪೈಪಿನ ತುದಿ ಬಾಯಿ ತೆರೆದುಕೊಂಡಿರುತ್ತದೆ. ಅದನ್ನು ಹಾಗೇ ಬಿಡಬೇಡಿ. ಬಿದ್ದಾಗ ಹ್ಯಾಂಡಲ್ ತಿರುಗಿ ಆ ತುದಿ ಹೊಟ್ಟೆಗೆ ಒತ್ತುತ್ತದೆ. ಮಕ್ಕಳಲ್ಲಿ ಮೇಲೆ ಸುಮ್ನೆ ಒಂದು ದುಂಡನೆಯ ಗುರುತು ಕಾಣುತ್ತದೆ, ಒಳಗೆ ಯಕೃತ್ತಿಗೋ ಕರುಳಿಗೋ ಪೆಟ್ಟಾಗಿರಬಹುದು. ಹ್ಯಾಂಡಲ್ ಹೊಟ್ಟೆಗೆ ಬಡಿದು ಮಗು ಹೊಟ್ಟೆನೋವು, ವಾಂತಿ ಅಂದರೆ ಮನೆಯಲ್ಲಿ ಕಾಯಬೇಡಿ. ಸೈಕಲ್ ಯಾರದೇ ಇರಲಿ, ತುದಿಗೆ ಬಿರಡೆ ಕಡ್ಡಾಯ.

ವಿದ್ಯಾನಗರದವಳು

ಒಳ್ಳೇದಾಯಿತು ಹೇಳಿದ್ದು ಸಿಸ್ಟರ್. ನಮ್ಮ ಪಕ್ಕದ ಮನೆ ಹುಡುಗರು ಈ ಸೈಕಲ್ಲನ್ನೇ ಓಡಿಸುತ್ತಾರೆ. ಬಿರಡೆ ಯಾವುದು ಹಾಕಲಿ?

ಮರಗೆಲಸ, ಚಿತ್ರದುರ್ಗ

ಒಣಗಿದ ಗಟ್ಟಿ ಮರದ ತುಂಡು. ಒಳಗೆ ಹೋಗುವ ಭಾಗ ಎರಡು ಇಂಚು, ಹೊರಗೆ ತಲೆ ಇರಲಿ. ತಲೆ ಪೈಪಿಗಿಂತ ಅಗಲವಾಗಿ, ಅಣಬೆ ತರ ದುಂಡಗೆ ಇರಬೇಕು. ಒಳಭಾಗಕ್ಕೆ ಒಂದು ಸುತ್ತು ಬಟ್ಟೆ ಸುತ್ತಿ ಬಡಿದು ಕೂರಿಸಿ. ಕೈಯಲ್ಲಿ ಎಳೆದರೆ ಬರಬಾರದು. ದಾರದ ಕೊನೆ ಸುತ್ತು ಆ ತಲೆಗೆ ತಾಗಿ ನಿಂತರೆ ಹೊರಗೆ ಜಾರುವುದೂ ಇಲ್ಲ. ಹಾಗಾಗಿ ಬಿರಡೆ ಮೊದಲು, ದಾರ ಆಮೇಲೆ.

ಅರಗಿನ ವಿಷಯ ನನ್ನ ಕಸುಬಿನದು, ಸ್ವಲ್ಪ ಉದ್ದ ಬರೆಯುತ್ತೇನೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಫ್ರೆಂಚ್ ಪಾಲಿಶ್‌ಗೆ ಅಂತ ಕೇಳಿದರೆ ಅರಗಿನ ಚಕ್ಕೆ ಕೊಡುತ್ತಾರೆ. ಜೇನಿನ ಬಣ್ಣದ್ದೂ ಇರುತ್ತದೆ, ಕಂದು ಬಣ್ಣದ್ದೂ ಇರುತ್ತದೆ. 60 ಗ್ರಾಂ ಚಕ್ಕೆಗೆ 250 ಮಿ.ಲೀ. ಪಾಲಿಶ್ ಸ್ಪಿರಿಟ್. ಗಾಜಿನ ಬಾಟಲಿಯಲ್ಲಿ ಹಾಕಿ ರಾತ್ರಿ ಬಿಡಿ, ಆಗಾಗ ಅಲ್ಲಾಡಿಸಿ. ಕಬ್ಬಿಣದ ಡಬ್ಬಿಯಲ್ಲಿ ಕಲಸಿದರೆ ಅರಗು ಕಪ್ಪಾಗುತ್ತದೆ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ. ಒಲೆ ಇರುವ ಕಡೆ ಬೇಡ, ಮಕ್ಕಳ ಕೈಗೂ ಬೇಡ.

ಮೊದಲ ಕೋಟು ದಾರ ಪೂರ್ತಿ ಕುಡಿದುಬಿಡುತ್ತದೆ, ಹಚ್ಚಿದ ಗುರುತೇ ಇರುವುದಿಲ್ಲ. ಗಾಬರಿ ಬೇಡ. ಒಂದು ಗಂಟೆ ಬಿಟ್ಟು ಎರಡನೇದು. ಹೀಗೆ ತೆಳ್ಳಗೆ ನಾಲ್ಕೈದು. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಅರಗಿನ ದೊಡ್ಡ ಗುಣ ಏನೆಂದರೆ ಹೊಸ ಕೋಟು ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಅದರ ಜೊತೆ ಒಂದಾಗುತ್ತದೆ. ವರ್ಷ ಬಿಟ್ಟು ಸವೆದರೂ ತಿಕ್ಕಿ ತೆಗೆಯುವ ತಾಪತ್ರಯ ಇಲ್ಲ, ಒರೆಸಿ ಮೇಲೊಂದು ಕೈ ಹಚ್ಚಿದರೆ ಸಾಕು. ವಾರ್ನಿಷ್‌ಗೆ ಈ ಗುಣ ಇಲ್ಲ.

ಕಲಸಿಟ್ಟ ಅರಗು ಆರು ತಿಂಗಳಿಗಿಂತ ಹಳೆಯದಾದರೆ ನಂಬಬೇಡಿ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಗಟ್ಟಿಯಾಗಿ ಒಣಗದೆ ಅಂಟಂಟಾಗಿ ಉಳಿದರೆ ಚೆಲ್ಲಿ.

ಆಫೀಸ್ ಸವಾರ, ದಾವಣಗೆರೆ

ಅರಗು ಅಂದರೆ ಹುಳದ್ದಾ? ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ ಅದಕ್ಕೆ ಕೇಳಿದೆ.

ಮರಗೆಲಸ

ಹೌದು. ಮುತ್ತುಗ, ಎಲಚಿ ಮರದ ಕೊಂಬೆಗೆ ಕೂರುವ ಸಣ್ಣ ಹುಳ ಬಿಡುವ ಅಂಟು. ಜಾರ್ಖಂಡ್ ಕಡೆ ಜಾಸ್ತಿ. ಚನ್ನಪಟ್ಟಣದ ಗೊಂಬೆಯ ಬಣ್ಣವೂ ಅರಗಿನದೇ. ಬೇಡವಾದರೆ ಅಗಸೆ ಎಣ್ಣೆ ಹಚ್ಚಬಹುದು, ಒಣಗಲು ದಿನಗಟ್ಟಲೆ ಬೇಕು. ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತನ್ನಿಂದ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಕಂಬಳಿ ಮಗ್ಗ, ಚಳ್ಳಕೆರೆ

ಜುಂಗಿನ ಬಗ್ಗೆ ಯಾರೂ ಹೇಳಲಿಲ್ಲ. ಕಂಬಳಿ ನೇಯುವಾಗ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ತಿಕ್ಕುತ್ತೇವೆ. ಎದ್ದ ಕೂದಲೆಲ್ಲಾ ಮಲಗಿ ನೂಲು ನುಣ್ಣಗಾಗುತ್ತದೆ. ದಾರಕ್ಕೂ ಹಾಗೇ ಮಾಡಿ.

ಜೋಗಿಮಟ್ಟಿ ಏರು

ಮಗ್ಗಕ್ಕೆ ಸರಿ ಅಣ್ಣ. ಹ್ಯಾಂಡಲ್‌ಗೆ ಗಂಜಿ ಬೇಡ ಅನಿಸುತ್ತದೆ. ನೀರು ತಾಗಿದರೆ ಮತ್ತೆ ಲೋಳೆ, ಇರುವೆ ಜಿರಲೆಗೂ ಔತಣ. ಸುತ್ತಿದ ಮೇಲೆ, ಅರಗು ಹಚ್ಚುವ ಮೊದಲು, ಮೇಣದಬತ್ತಿಯ ಉರಿಯನ್ನು ದೂರದಿಂದ ಸರ್ರನೆ ಓಡಿಸಿ. ಜುಂಗು ಸುಟ್ಟುಹೋಗುತ್ತದೆ, ದಾರ ಕಪ್ಪಾಗುವುದಿಲ್ಲ. ಸ್ಪಿರಿಟ್ ಬಾಟಲಿ ಆಗ ಬೇರೆ ರೂಮಿನಲ್ಲಿ ಇರಲಿ.

ಕಂಬಳಿ ಮಗ್ಗ

ಇದೂ ಸರಿ. ಹಾಗಿದ್ದರೆ ಇನ್ನೊಂದು ಹೇಳುತ್ತೇನೆ. ಬರೀ ದಾರ ಸುತ್ತಿದರೆ ಪೈಪಿನಷ್ಟೇ ಗಡಸು. ನಮ್ಮ ಕಡೆ ರಸ್ತೆಯಲ್ಲಿ ಹತ್ತು ಮೈಲಿ ಹೋದರೆ ಮೊಣಕೈವರೆಗೆ ಜುಮ್ ಅನ್ನುತ್ತದೆ. ಹಳೇ ಕಂಬಳಿಯ ಒಂದು ತುಂಡನ್ನು ಪೈಪಿಗೆ ಒಂದೇ ಸುತ್ತು ಬರುವಂತೆ ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ ಹೊಲಿದು, ಅದರ ಮೇಲೆ ದಾರ ಸುತ್ತಿ. ಅಂಚಿನ ಮೇಲೆ ಅಂಚು ಹತ್ತಿಸಬೇಡಿ, ಏಣು ಬರುತ್ತದೆ.

ಹಳೇಪೇಟೆ ಪಂಕ್ಚರ್ ಶಾಪ್

ರಾಡ್ ಬ್ರೇಕ್ ಸೈಕಲ್ಲಿಗೆ ಕಂಬಳಿ ಹಾಕಿದರೆ ಬೆರಳಿಗೆ ಜಾಗ ಎಲ್ಲಿದೆ? ವೈರ್ ಬ್ರೇಕಿನ ಸೈಕಲ್ಲಿಗೆ ಹಾಕಿಕೊಳ್ಳಲಿ. ಇವರದಕ್ಕೆ ಬೇಡ.

ಕಂಬಳಿ ಮಗ್ಗ

ಲಿವರ್ ಜಾಗ ಅಳೆದು ನೋಡಿ ಹೇಳಲಿ ಯಜಮಾನ್ರೇ. ಹಳೇ ಗ್ರಿಪ್ಪೂ ತೆಳ್ಳಗೇನೂ ಇರಲಿಲ್ಲವಲ್ಲ.

ವಿದ್ಯಾನಗರದವಳು

ಅಳೆದೆ. ಹಳೇ ಗ್ರಿಪ್ಪಿನ ದಪ್ಪ 30 ಮಿ.ಮೀ. ಪೈಪು 22. ಬರೀ ದಾರವಾದರೆ 26 ಆಗುತ್ತದೆ. ಕಂಬಳಿ ತುಂಡು 3 ಮಿ.ಮೀ. ಇದೆ, ಎರಡೂ ಕಡೆ ಸೇರಿ 6. ಪೈಪು, ಕಂಬಳಿ, ದಾರ ಸೇರಿದರೆ 32. ಹಳೆಯದಕ್ಕಿಂತ ಜಾಸ್ತಿ. ಪಂಕ್ಚರ್ ಶಾಪ್ ಅಣ್ಣನೇ ಗೆದ್ದರು. ಕಂಬಳಿಯ ಬದಲು ಹಳೇ ಲುಂಗಿಯ ಹತ್ತಿ ಬಟ್ಟೆಯನ್ನು ಪಟ್ಟಿ ಹರಿದು ಒಂದು ಪದರ ಸುತ್ತುತ್ತೇನೆ. ದಾರ ಪೈಪಿನ ಮೇಲೆ ಜಾರುವುದೂ ತಪ್ಪುತ್ತದೆ.

ಕಂಬಳಿ ಮಗ್ಗ

ಬಿಗಿಯಾಗಿ ಸುತ್ತಿದರೆ ಕಂಬಳಿ ಅರ್ಧಕ್ಕೆ ಅದುಮಿಕೊಳ್ಳುತ್ತದೆ ಅಮ್ಮಾ, 32 ಇರುವುದಿಲ್ಲ. ಆದರೂ ನಿಮ್ಮಿಷ್ಟ.

ಮಂಡಿ ಗುಮಾಸ್ತ

ನುಣ್ಣಗೆ ಮಾಡಿ ಮಾಡಿ ಕೊನೆಗೆ ಜಾರದಿದ್ದರೆ ಸಾಕು. ಅರಗಿನ ಮೇಲೆ ಬೆವರಿನ ಕೈ ಹೇಗೆ ನಿಲ್ಲುತ್ತದೆ?

ಜೋಗಿಮಟ್ಟಿ ಏರು

ಸುತ್ತುಗಳ ಏರಿಳಿತ ಇರುತ್ತದಲ್ಲ, ಅದೇ ಹಿಡಿತ. ಇನ್ನೂ ಬೇಕಾದರೆ ಹಡಗಿನವರ ಸುತ್ತು ಇದೆ. ಬರೀ ಸುತ್ತುವ ಬದಲು ಪ್ರತಿ ಸುತ್ತಿಗೂ ದಾರವನ್ನು ಅದರದೇ ಅಡಿಯಿಂದ ತೂರಿಸಿ ಒಂದು ಅರ್ಧ ಗಂಟು ಹಾಕುತ್ತಾ ಹೋಗುವುದು. ಗಂಟುಗಳು ಒಂದರ ಪಕ್ಕ ಒಂದು ಸ್ವಲ್ಪ ಸ್ವಲ್ಪ ಸರಿದು ಪೈಪಿನ ಸುತ್ತ ಏಣಿನ ಹಾಗೆ ಸುರುಳಿ ಏಳುತ್ತದೆ. ಬೆರಳಿಗೆ ಒಳ್ಳೇ ಹಿಡಿತ. ಎಡಗಡೆ ಮತ್ತು ಬಲಗಡೆ ಸುರುಳಿ ಎದುರುಬದುರು ತಿರುಗಬೇಕಾದರೆ ಒಂದು ಕಡೆ ಮೇಲಿನಿಂದ, ಇನ್ನೊಂದು ಕಡೆ ಕೆಳಗಿನಿಂದ ಸುತ್ತಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಓಡಿಸಲು ತೊಂದರೆ ಇಲ್ಲ, ನೋಡಲು ಮಾತ್ರ ಮೆಳ್ಳಗಣ್ಣು. ದಾರ ಜಾಸ್ತಿ ಬೇಕಾಗುತ್ತದೆ, ಒಂದು ಬದಿಗೆ 7 ಮೀಟರ್ ಇಟ್ಟುಕೊಳ್ಳಿ.

ಜೋಗಿಮಟ್ಟಿ ಹತ್ತುವಾಗ ನಾನು ಹ್ಯಾಂಡಲ್ ಎಳೆದೇ ತುಳಿಯುವುದು. ನನ್ನದು ಈ ಸುರುಳಿಯದೇ.

ವಿದ್ಯಾನಗರದವಳು

ಎರಡೂ ಕಡೆ ಮುಗಿಯಿತು. ಮೊದಲು ಬಿರಡೆ, ಆಮೇಲೆ ಲುಂಗಿ ಪಟ್ಟಿ, ಅದರ ಮೇಲೆ ಹತ್ತಿ ದಾರ. ಬಲಗಡೆಗೆ ಸುರುಳಿ, ಎಡಗಡೆಗೂ ಸುರುಳಿ, ಎದುರುಬದುರು. ದಬ್ಬಣದ ಉಪಾಯ ಚೆನ್ನಾಗಿ ನಡೆಯಿತು, ಗುಮಾಸ್ತರಿಗೆ ಜೈ. ಅರಗು ಕುಡಿದ ಮೇಲೆ ಬಿಳಿ ದಾರ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಕೈ ಕಪ್ಪಾಗುತ್ತಿಲ್ಲ. ಕುಂದವಾಡ ಕೆರೆ ಸುತ್ತ ಓಡಿಸಿ ನೋಡಿದೆ, ಹಿಡಿತ ಗಟ್ಟಿ ಇದೆ.

ಒಂದು ಅನುಮಾನ. ಆಫೀಸಿನಿಂದ ಬರುವಾಗ ಮಾತ್ರ ಬಲಗಡೆ ಸ್ವಲ್ಪ ಅಂಟುತ್ತದೆ, ಬೆಳಿಗ್ಗೆ ಹಾಗೆ ಇರುವುದಿಲ್ಲ. ಯಾಕೆ?

ಮರಗೆಲಸ

ಸೈಕಲ್ ಬಿಸಿಲಲ್ಲಿ ನಿಲ್ಲಿಸುತ್ತೀರಾ? ಅರಗು ಕಾವಿಗೆ ಮೆತ್ತಗಾಗುವ ಸಾಮಾನು, ಏಪ್ರಿಲ್ ಬಿಸಿಲಿಗೆ ಕಬ್ಬಿಣ ಮುಟ್ಟಲು ಆಗುವುದಿಲ್ಲ.

ವಿದ್ಯಾನಗರದವಳು

ಇಲ್ಲ, ನೆರಳಲ್ಲೇ ಇರುತ್ತದೆ.

ನೈಟ್ ಡ್ಯೂಟಿ ಸಿಸ್ಟರ್

ಹೊರಡುವಾಗ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತೀರಾ?

ವಿದ್ಯಾನಗರದವಳು

ಹೌದು! ಆಫೀಸ್ ಬಾಗಿಲಲ್ಲೇ ಇಟ್ಟಿದ್ದಾರೆ.

ಮರಗೆಲಸ

ಸಿಕ್ಕಿಬಿತ್ತು. ಸ್ಯಾನಿಟೈಸರ್ ಅಂದರೆ ಸ್ಪಿರಿಟ್ಟೇ. ಯಾವುದರಲ್ಲಿ ಅರಗು ಕರಗಿಸಿದಿರೋ ಅದನ್ನೇ ಕೈಗೆ ಹಚ್ಚಿಕೊಂಡು ಹಿಡಿದರೆ ಮೇಲಿನ ಪದರ ಮತ್ತೆ ಕರಗುತ್ತದೆ. ಕೈ ಪೂರ್ತಿ ಆರಿದ ಮೇಲೆ ಹಿಡಿಯಿರಿ. ಮಳೆಯಲ್ಲಿ ನೆಂದು ಬಿಳಿ ಮಚ್ಚೆ ಬಂದರೂ ಹೆದರಬೇಡಿ, ಒಣಗಿದರೆ ಹೋಗುತ್ತದೆ. ಹೋಗದಿದ್ದರೆ ಒಂದು ಕೈ ಅರಗು.

ಹಳೇಪೇಟೆ ಪಂಕ್ಚರ್ ಶಾಪ್

ತಂಗಿ, ನಿನ್ನೆ ಬ್ರೇಕ್ ಕಟ್ಟೆ ಬದಲಾಯಿಸಲು ನೀವು ತಂದಾಗ ನೋಡಿದೆ. ಕೆಲಸ ನೀಟಾಗಿದೆ. ಎಡಗಡೆ ಲಿವರ್ ಮಾತ್ರ ಕೊನೇ ಸುತ್ತಿಗೆ ತಾಗುತ್ತಿತ್ತು, ರಾಡಿನ ನಟ್ಟು ಒಂದು ಎಳೆ ಬಿಗಿ ಮಾಡಿ ಸರಿ ಮಾಡಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಸೈಕಲ್ ನೋಡಿ ಇಬ್ಬರು ಹುಡುಗರು ತಮ್ಮದಕ್ಕೂ ಮಾಡಿಕೊಡಿ ಅಂತ ಕೇಳುತ್ತಿದ್ದಾರೆ. ಗುಮಾಸ್ತರೇ, ಆ ಹತ್ತಿ ಹುರಿದಾರ ಉಂಡೆ ಲೆಕ್ಕದಲ್ಲಿ ಕೊಡುತ್ತಾರಾ, ತೂಕದ ಲೆಕ್ಕದಲ್ಲಾ?

ಮಂಡಿ ಗುಮಾಸ್ತ

ತೂಕಕ್ಕೆ ಅಣ್ಣ. ಶನಿವಾರ ಮಂಡಿ ಕಡೆ ಬನ್ನಿ, ಅಂಗಡಿ ತೋರಿಸುತ್ತೇನೆ.